ಒಂದೇ ರೆಕ್ಕೆಯ ಬ್ರಿಡ್ಜ್: ನನ್ನ ಅನುಭವ

ಮುಂಭಾಗದಲ್ಲಿ ಇಲ್ಲದ ಹಲ್ಲೊಂದನ್ನು ಪಕ್ಕದ ಒಂದೇ ಹಲ್ಲಿನ ಹಿಂಬದಿಗೆ ತೆಳು ಹಾಳೆಯಂಥ ರೆಕ್ಕೆಯಿಂದ ಅಂಟಿಸಿದ ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್) ಬ್ರಿಡ್ಜ್ ತುಂಬಿಕೊಡುತ್ತದೆ, ಅದೂ ವರ್ಷಗಟ್ಟಲೆ, ಎಂದು ನಾನು ಹೇಳಿದಾಗ ಬಸವನಗುಡಿ ಭಾಗದ ನನ್ನ ದಂತವೈದ್ಯ ಸಹೋದ್ಯೋಗಿಗಳಲ್ಲಿ ಯಾರೂ ನಂಬಲಿಲ್ಲ. ಎರಡು ರೆಕ್ಕೆಯದ್ದೇ ಕಳಚಿ ಬರುವಾಗ ಒಂದು ರೆಕ್ಕೆಯದು ಆರು ತಿಂಗಳಾದರೂ ನಿಂತೀತೇ ಎಂಬುದು ಅವರ ವಾದವಾಗಿತ್ತು. ನಾನು ಅಂಟಿಸಿದ ಮೊದಲ ಕೆಲವು ಬ್ರಿಡ್ಜ್‌ಗಳಿಗೆ ಈಗ 8-9 ವರ್ಷ ತುಂಬಿದೆ. ಇದುವರೆಗೆ 50ರ ಆಸುಪಾಸು ಮಾಡಿರಬಹುದು. ಕಳಚಿದವು ಐದಾರು, ಅವುಗಳಲ್ಲೂ ಹೆಚ್ಚಿನವನ್ನು ಮತ್ತೆ ಅಂಟಿಸಿ ಬಾಯಲ್ಲೇ ಉಳಿಸಿದ್ದೇನೆ. ಅಂದು ತಲೆಯಾಡಿಸಿದ್ದವರಲ್ಲಿ ಇಬ್ಬರು ಈಗ ತಮ್ಮ ರೋಗಿಗಳನ್ನು ಈ ಕೆಲಸಕ್ಕಾಗಿ ನನ್ನಲ್ಲಿಗೇ ಕಳುಹಿಸುತ್ತಾರೆ.

ಈ ದಾರಿ ಹಿಡಿಯುವಂತೆ ಮಾಡಿದ್ದು ನನ್ನಲ್ಲಿಗೆ ಬರುವ ರೋಗಿಗಳ ವಯಸ್ಸು. ಹುಟ್ಟಿನಿಂದಲೇ ಲ್ಯಾಟರಲ್ ಹಲ್ಲು (ಮುಂದಿನ ಎರಡು ನಡುಹಲ್ಲುಗಳ ಪಕ್ಕದ್ದು) ಇಲ್ಲದೆ, ಕ್ಲಿಪ್ ಹಾಕಿಸಿ ಜಾಗ ಮಾಡಿಸಿಕೊಂಡು ಬರುವ ಹದಿನಾರು ಹದಿನೇಳರ ಮಕ್ಕಳು ಒಂದೆಡೆ, ದ್ವಿಚಕ್ರ ವಾಹನದಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡ ಯುವಕರು ಇನ್ನೊಂದೆಡೆ. ಬೆಳವಣಿಗೆ ಮುಗಿಯದ ದವಡೆಯಲ್ಲಿ ಇಂಪ್ಲಾಂಟ್ ಹಾಕಿದರೆ ಸುತ್ತಲಿನ ಹಲ್ಲುಗಳು ಕೆಳಗಿಳಿಯುತ್ತ ಹೋಗಿ ಅದೊಂದು ಮೇಲೆಯೇ ಉಳಿದುಬಿಡುತ್ತದೆ. ಮಾಮೂಲಿ ಮೂರು ಹಲ್ಲಿನ ಬ್ರಿಡ್ಜ್ ಮಾಡೋಣವೆಂದರೆ ಎರಡೂ ಬದಿಯ ಆರೋಗ್ಯವಂತ ಹಲ್ಲುಗಳ, ಒಸಡಿನಾಚೆ ಕಾಣುವ ಕಿರೀಟಭಾಗದಲ್ಲಿ ಮೂರನೆಯ ಎರಡರಷ್ಟನ್ನು ಅರೆದು ಹಾಕಬೇಕು. ನರ ಇನ್ನೂ ಅಗಲವಾಗಿರುವ ಆ ವಯಸ್ಸಿನಲ್ಲಿ ಅರೆದ ಹಲ್ಲು ಕೆಲವೇ ವರ್ಷಗಳಲ್ಲಿ ರೂಟ್ ಕೆನಾಲ್‌ಗೆ ಮರಳಿ ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಲೆಯಿಲ್ಲದ ಹಲ್ಲಿನ ಮೇಲೆ ಕೊರೆಯುವ ಬರ್ ಇಡುವುದು ನನ್ನ ಮನಸ್ಸಿಗೆ ಎಂದೂ ಒಪ್ಪಿಗೆಯಾಗಿಲ್ಲ.

ಆರಂಭದಲ್ಲಿ ನಾನೂ ಎಲ್ಲರಂತೆ ಲೋಹದ ಎರಡು ರೆಕ್ಕೆಯ ಮೇರಿಲ್ಯಾಂಡ್ ಬ್ರಿಡ್ಜ್‌ಗಳನ್ನೇ ಮಾಡುತ್ತಿದ್ದೆ. ಅವು ಪೂರ್ತಿ ಕಳಚಿ ಬಂದಿದ್ದರೆ ಚಿಂತೆಯಿರಲಿಲ್ಲ, ಒಂದೇ ಬದಿ ಬಿಡುತ್ತಿದ್ದುದೇ ತೊಂದರೆಯಾಗಿತ್ತು. ಎರಡು ಹಲ್ಲುಗಳು ಅಗಿಯುವಾಗ ಬೇರೆ ಬೇರೆ ದಿಕ್ಕಿಗೆ ಅಲುಗುತ್ತವೆ, ಆ ಸೆಳೆತದಲ್ಲಿ ಒಂದು ರೆಕ್ಕೆಯ ಅಂಟು ಬಿಡುತ್ತದೆ, ಇನ್ನೊಂದು ಹಿಡಿದಿರುವುದರಿಂದ ರೋಗಿಗೆ ಏನೂ ತಿಳಿಯುವುದಿಲ್ಲ. ಜಯನಗರದಿಂದ ಬರುತ್ತಿದ್ದ ಒಬ್ಬ ಉಪನ್ಯಾಸಕಿಯ ಕೋರೆಹಲ್ಲು ಬಿಟ್ಟುಕೊಂಡ ರೆಕ್ಕೆಯಡಿಯಲ್ಲಿ ನರದವರೆಗೆ ಹುಳುಕಾಗಿತ್ತು. ಅವರು ಬಂದದ್ದು ಬಾಯಿ ವಾಸನೆಯ ದೂರಿನೊಂದಿಗೆ. ಒಂದೇ ರೆಕ್ಕೆಯದ್ದಾದರೆ ಎರಡು ಹಲ್ಲುಗಳ ನಡುವೆ ಸೆಳೆತವೇ ಇರುವುದಿಲ್ಲ, ಬಿಟ್ಟರೂ ಪೂರ್ತಿ ಕೈಗೆ ಬರುತ್ತದೆ, ಕೆಳಗೆ ಹುಳುಕಾಗುವಷ್ಟು ಕಾಲ ಮುಚ್ಚಿಟ್ಟುಕೊಳ್ಳುವುದಿಲ್ಲ. ಜರ್ಮನಿಯ ಕೀಲ್ ನಗರದಲ್ಲಿ ದಂತತಜ್ಞ ಮಥಿಯಾಸ್ ಕೆರ್ನ್ ಅವರ ತಂಡ ಇಂಥ 100ಕ್ಕೂ ಹೆಚ್ಚು ಜಿರ್ಕೋನಿಯಾ ಬ್ರಿಡ್ಜ್‌ಗಳನ್ನು ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹತ್ತು ವರ್ಷಗಳ ಬಳಿಕ ಶೇಕಡಾ 98ರಷ್ಟು ಉಳಿದಿದ್ದವು.

ಆದರೂ ನನ್ನ ಮೊದಲ ವರ್ಷದವುಗಳಲ್ಲಿ ಮೂರು ನಾಲ್ಕು ಬೇಗನೆ ಕಳಚಿದವು. ಕಳಚಿದ ರೆಕ್ಕೆಗಳನ್ನು ಲೂಪ್ ಎಂಬ ಭೂತಗನ್ನಡಿಯಡಿ ಇಟ್ಟು ನೋಡಿದಾಗ ಸಿಮೆಂಟ್ ಪೂರ್ತಿಯಾಗಿ ಹಲ್ಲಿನ ಮೇಲೆ ಉಳಿದು, ಜಿರ್ಕೋನಿಯಾದ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಹಲ್ಲಿನ ಹೊರಪದರವಾದ ಎನಾಮೆಲ್ ತನ್ನ ಪಾಲನ್ನು ಮಾಡಿತ್ತು, ಸೋತದ್ದು ಜಿರ್ಕೋನಿಯಾದ ಬದಿ. ಲ್ಯಾಬ್‌ನವರು ಅಂದಕ್ಕೆಂದು ಒಳಮೈಗೂ ಗ್ಲೇಝ್ (ಹೊಳಪಿನ ಲೇಪ) ಹಚ್ಚುತ್ತಿದ್ದರೆಂದು ಆಗ ತಿಳಿಯಿತು. ಲ್ಯಾಬ್ ಬದಲಿಸಿದ ಮೇಲೂ ಇನ್ನೊಂದು ಬಿದ್ದಿತು, ಅದಕ್ಕೆ ಕಾರಣ ಜೊಲ್ಲು. ಬಾಯಲ್ಲಿಟ್ಟು ಅಳತೆ ನೋಡುವಾಗ ಜೊಲ್ಲಿನ ಫಾಸ್ಫೇಟ್ ಜಿರ್ಕೋನಿಯಾಕ್ಕೆ ಅಂಟಿಕೊಂಡು, ಸಿಮೆಂಟ್ ಹಿಡಿಸಲು ಹಚ್ಚುವ ಪ್ರೈಮರ್‌ನ ಎಂಡಿಪಿ ಎಂಬ ಅಂಶ ಹಿಡಿಯಬೇಕಾದ ಜಾಗವನ್ನೇ ಆಕ್ರಮಿಸುತ್ತದೆ. ಅದನ್ನು ತೊಳೆಯಲು ಫಾಸ್ಫೋರಿಕ್ ಆಮ್ಲ ಹಾಕುವವರನ್ನು ನಾನು ಈಗಲೂ ನೋಡುತ್ತೇನೆ. ಆ ಆಮ್ಲವೂ ಅದೇ ಜಾಗವನ್ನೇ ಹಿಡಿಯುವುದರಿಂದ ಕೆಲಸ ಇನ್ನಷ್ಟು ಕೆಡುತ್ತದೆ.

ಹೀಗಾಗಿ ಈಗ ಅಳತೆ ನೋಡಿದ ನಂತರವೇ, ನನ್ನ ಚಿಕಿತ್ಸಾಲಯದಲ್ಲಿಯೇ, 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು 1ರಿಂದ 2 ಬಾರ್ ಒತ್ತಡದಲ್ಲಿ ಬ್ಲಾಸ್ಟರ್‌ನಿಂದ ಒಳಮೈಗೆ ಸಿಡಿಸುತ್ತೇನೆ. ಮೊದಲು ಪೆನ್ನಿನಿಂದ ಬಣ್ಣ ಬಳಿದುಕೊಂಡು, ಬಣ್ಣ ಪೂರ್ತಿ ಹೋಗುವವರೆಗೆ ಬಿಡುವುದಿಲ್ಲ. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಇಲ್ಲದೆ ಒಂದನ್ನೂ ಅಂಟಿಸುವುದಿಲ್ಲ. ತಯಾರಿಯಲ್ಲಿ ಎನಾಮೆಲ್ ದಾಟುವುದಿಲ್ಲ: ಹಿಂಬದಿಯಲ್ಲಿ ತೆಳುವಾದ ಒಂದು ಪದರ, ಅಲ್ಲಿನ ಬುಡದ ಉಬ್ಬಾದ ಸಿಂಗ್ಯುಲಮ್‌ನಲ್ಲಿ ಸಣ್ಣ ಗುಂಡಿ, ಪಕ್ಕದಲ್ಲಿ ಅರ್ಧ ಮಿಲಿಮೀಟರ್ ಆಳದ ಪೆಟ್ಟಿಗೆ, ಅಷ್ಟೆ. ರೆಕ್ಕೆಯ ದಪ್ಪ 0.7 ಮಿಲಿಮೀಟರ್, ರೆಕ್ಕೆಯನ್ನೂ ಕೃತಕ ಹಲ್ಲನ್ನೂ ಸೇರಿಸುವ ಕನೆಕ್ಟರ್ ಎತ್ತರ 3 ಮಿಲಿಮೀಟರ್, ಅಗಲ 2. ಇದಕ್ಕೆ ಜಾಗವಿಲ್ಲದ ಬಾಯಿಯಲ್ಲಿ ನಾನು ಕೈ ಹಾಕುವುದಿಲ್ಲ. ಕೂರಿಸುವಾಗ ಬ್ರಿಡ್ಜ್ ಕೂದಲೆಳೆಯಷ್ಟೂ ಸರಿಯದಂತೆ ಹಿಡಿಯಲು ನಾನೊಂದು ಜಿಗ್ ಮಾಡಿಕೊಂಡಿದ್ದೇನೆ. ಅದನ್ನೂ, ಕನೆಕ್ಟರ್‌ನ ಒಸಡಿನ ಬದಿಗೆ ಲ್ಯಾಬ್‌ನಿಂದ ಕೇಳಿ ಮಾಡಿಸುವ ಒಂದು ಆಕಾರವನ್ನೂ ಇಲ್ಲಿ ಬರೆಯುವುದಿಲ್ಲ. ನೋಡಬಯಸುವವರು ಯಾವುದಾದರೂ ಶನಿವಾರ ಬಂದು ಪಕ್ಕದಲ್ಲಿ ನಿಲ್ಲಬಹುದು.

ಹಣದ ಮಾತು. ಎರಡು ಯೂನಿಟ್‌ಗೆ, ಅಂದರೆ ಕೃತಕ ಹಲ್ಲು ಮತ್ತು ರೆಕ್ಕೆಗೆ, ನನ್ನ ಲ್ಯಾಬ್ 5-6 ಸಾವಿರ ತೆಗೆದುಕೊಳ್ಳುತ್ತದೆ, ಸಿಮೆಂಟ್ ಮತ್ತಿತರ ಖರ್ಚು ಸಾವಿರದೊಳಗೆ. ರೋಗಿಯಿಂದ ನಾನು ಪಡೆಯುವುದು 15 ಸಾವಿರದ ಆಸುಪಾಸು. ಅದೇ ಜಾಗಕ್ಕೆ ಮೂರು ಯೂನಿಟ್ ಜಿರ್ಕೋನಿಯಾ ಬ್ರಿಡ್ಜ್ ಮಾಡಿದ್ದರೆ 25 ಸಾವಿರ, ಇಂಪ್ಲಾಂಟ್ ಆದರೆ 40ರ ಮೇಲೆ ಬರುತ್ತಿತ್ತು. ಕುರ್ಚಿಯಲ್ಲಿ ಹಿಡಿಯುವ ಸಮಯವಂತೂ ಕಡಿಮೆಯಲ್ಲ, ಅಂಟಿಸುವುದಕ್ಕೇ ಒಂದೂಕಾಲು ಗಂಟೆ ಬೇಕು. ಮೊದಲ ಎರಡು ವರ್ಷದಲ್ಲಿ ಕಳಚಿದರೆ ಉಚಿತವಾಗಿ ಅಂಟಿಸುತ್ತೇನೆ. ಆರಂಭದ ವರ್ಷದಲ್ಲಿ ಈ ಮಾತು ನನಗೆ ದುಬಾರಿಯಾಯಿತು, ಬ್ಲಾಸ್ಟರ್ ಕೊಂಡ ಸಾಲ ತೀರುವ ಮೊದಲೇ ಲಾಭವೆಲ್ಲ ಮರು ಅಂಟಿಸುವುದರಲ್ಲಿ ಹೋಯಿತು. ಈಗ ಅದೇ ಮಾತಿಗೆ ರೋಗಿಗಳು ಬರುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿ ನೋಡಿದೆ. ಕೀಳಬೇಕಾಗಿ ಬಂದ ರೋಗಿಯ ಹಲ್ಲಿನ ಬೇರು ಕತ್ತರಿಸಿ, ಕಿರೀಟವನ್ನೇ ಫೈಬರ್ ಎಳೆ ಮತ್ತು ಕಾಂಪೊಸಿಟ್‌ನಿಂದ (ಹಲ್ಲು ತುಂಬುವ ರೆಸಿನ್) ಪಕ್ಕದ ಹಲ್ಲಿಗೆ ಕಟ್ಟಿದೆ. ಗಾಯ ಮಾಯುವ ನಾಲ್ಕೈದು ತಿಂಗಳಿಗೆ ಇದಕ್ಕಿಂತ ಚೆಲುವಾದ ತಾತ್ಕಾಲಿಕ ಹಲ್ಲು ಇಲ್ಲ, ಆದರೆ ವರ್ಷ ಕಳೆದಂತೆ ಬಣ್ಣ ಕಟ್ಟುತ್ತದೆ. ಹೆಚ್ಚು ಪಾರದರ್ಶಕವಾದ ಹೊಸ ಬಗೆಯ ಜಿರ್ಕೋನಿಯಾದಲ್ಲಿ ಎರಡು ಮಾಡಿಸಿದೆ, ಬಣ್ಣ ಬಹಳ ಚೆನ್ನಾಗಿತ್ತು, ಆದರೆ ಅವುಗಳಲ್ಲಿ ಒಂದು, ಕನೆಕ್ಟರ್ ಜಾಗದಲ್ಲಿಯೇ ಮುರಿಯಿತು. ಬಲದ ವಿಷಯದಲ್ಲಿ 3ವೈ ಎಂಬ ಹಳೆಯ ಬಗೆಯ ಜಿರ್ಕೋನಿಯಾಕ್ಕೆ ಸಾಟಿಯಿಲ್ಲವೆಂದು ಅದಕ್ಕೇ ಮರಳಿದೆ. ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆಯಿಂದ ಬರುವವರ ಫ್ಲೋರೋಸಿಸ್ ಹಲ್ಲುಗಳಲ್ಲಿ (ನೀರಿನ ಫ್ಲೋರೈಡ್ ಹೆಚ್ಚಾಗಿ ಕೆಟ್ಟವು) ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಲ್ಲಿ ಹಲ್ಲಿನ ಮೇಲೂ ಹಗುರವಾಗಿ ಅಲ್ಯೂಮಿನಾ ಹಾಯಿಸಿ, ಎಚ್ಚಿಂಗ್ (ಆಮ್ಲದಿಂದ ಒರಟು ಮಾಡುವ) ಸಮಯವನ್ನು 30 ಸೆಕೆಂಡ್‌ನಿಂದ ಒಂದು ನಿಮಿಷಕ್ಕೂ ಮೀರಿ ಹೆಚ್ಚಿಸಿದ್ದೇನೆ. ಹಾಗೆ ಮಾಡಿದ ಆರೇಳರಲ್ಲಿ ಇದುವರೆಗೆ ಒಂದೂ ಬಿಟ್ಟಿಲ್ಲ.

ಬ್ರಿಡ್ಜ್ ಹಾಕಿಸಿಕೊಳ್ಳುವವರಿಗೆ ನಾನು ಮೊದಲೇ ಹೇಳುವುದು ಇಷ್ಟು. ಹೆಚ್ಚಿನವರಿಗೆ ಚುಚ್ಚುಮದ್ದು ಬೇಕಾಗುವುದಿಲ್ಲ. ಮೊದಲ ವಾರ ನಾಲಿಗೆಗೆ ರೆಕ್ಕೆಯ ದಪ್ಪ ತಾಗುತ್ತಲೇ ಇರುತ್ತದೆ, ಸಕಾರ ಸ್ವಲ್ಪ ತೊದಲುತ್ತದೆ, ಬಳಿಕ ಮರೆತುಹೋಗುತ್ತದೆ. ಒಂದು ಬದಿ ಬಿಡಿಯಾಗಿರುವುದರಿಂದ ಸಾಧಾರಣ ಫ್ಲಾಸ್ ದಾರವನ್ನೇ ಅಲ್ಲಿಂದ ಇಳಿಸಿ ಹಲ್ಲಿನಡಿ ಹಾಯಿಸಬಹುದು, ಮೂರು ಹಲ್ಲಿನ ಬ್ರಿಡ್ಜ್‌ನಲ್ಲಿ ಆ ಅನುಕೂಲವಿಲ್ಲ. ಸಂಕ್ರಾಂತಿಯ ಕಬ್ಬನ್ನು ಆ ಹಲ್ಲಿನಿಂದ ಸಿಗಿಯಬಾರದು, ನಿಪ್ಪಟ್ಟನ್ನು ಮುರಿದು ದವಡೆಗೆ ಹಾಕಿಕೊಳ್ಳಬೇಕು. ಕಳಚಿದರೆ ತುಂಡನ್ನು ಎಸೆಯದೆ ಡಬ್ಬಿಯಲ್ಲಿಟ್ಟು ತರಬೇಕು, ಮನೆಯಲ್ಲಿ ಅಂಗಡಿಯ ಗೋಂದು ಹಚ್ಚಿಕೊಂಡು ಬಂದವರ ಬ್ರಿಡ್ಜ್‌ನ ಒಳಮೈ ಶುದ್ಧಿ ಮಾಡಲು ನನಗೆ ಅರ್ಧ ದಿನ ಹೋಗಿದೆ.

ರಾತ್ರಿ ಹಲ್ಲು ಕಡಿಯುವವರಿಗೆ, ಕೆಳಹಲ್ಲು ಒಸಡಿಗೆ ತಾಗುವಷ್ಟು ಆಳದ ಕಚ್ಚು ಇರುವವರಿಗೆ, ಆಸರೆಯ ಹಲ್ಲಿನ ಹಿಂಬದಿಯಲ್ಲಿ ದೊಡ್ಡ ಫಿಲ್ಲಿಂಗ್ ಇರುವವರಿಗೆ ನಾನು ಇದನ್ನು ಮಾಡುವುದಿಲ್ಲ, ಎಷ್ಟು ಒತ್ತಾಯಿಸಿದರೂ. ದವಡೆಹಲ್ಲಿನ ಜಾಗಕ್ಕೂ ಇಲ್ಲ. ಅಲ್ಲಿ ಪಕ್ಕದ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಬೇಕಾಗಿದ್ದರೆ ಮೂರು ಹಲ್ಲಿನ ಬ್ರಿಡ್ಜ್, ಇಲ್ಲವಾದರೆ ಇಂಪ್ಲಾಂಟ್ ಎಂದು ಕುಳಿತು ಲೆಕ್ಕ ಹೇಳಿ ಕಳುಹಿಸುತ್ತೇನೆ.