ಯಾವ ಪ್ರೊಸೆಸರ್ ಕಡಿಮೆ ಕರೆಂಟ್ ತಿನ್ನುತ್ತದೆ? ಅಳೆಯುವುದು ಹೀಗೆ

ಸೂಪರ್‌ಕಂಪ್ಯೂಟರ್‌ನಲ್ಲಿ ಜಾಬ್ (ಅಂದರೆ ದೊಡ್ಡ ಲೆಕ್ಕದ ಕೆಲಸ) ಓಡಿಸುವವರು ನನ್ನನ್ನು ಮೊದಲು ಕೇಳುವುದೇ ಇದು: ಮೊಬೈಲಿನಲ್ಲಿರುವ ಬಗೆಯ ಆರ್ಮ್ ಪ್ರೊಸೆಸರ್ ಒಳ್ಳೆಯದಾ, ಇಂಟೆಲ್, ಎಎಂಡಿಯವರ ಎಕ್ಸ್86 ಒಳ್ಳೆಯದಾ, ಒಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಜಿಪಿಯು ಒಳ್ಳೆಯದಾ? ನಾನು ತಿರುಗಿ ಕೇಳುತ್ತೇನೆ: ನಿಮ್ಮ ಕೋಡ್ ಹೆಚ್ಚು ಹೊತ್ತು ಕಳೆಯುವುದು ಲೆಕ್ಕ ಮಾಡುವುದರಲ್ಲಾ, ಮೆಮೊರಿಯಿಂದ ಡೇಟಾ ಬರಲಿ ಅಂತ ಕಾಯುವುದರಲ್ಲಾ?

ಅದನ್ನು ಮೊದಲು ಪತ್ತೆ ಮಾಡಿ. ಸಿಪಿಯು ಫ್ರೀಕ್ವೆನ್ಸಿ ಸ್ವಲ್ಪ ಇಳಿಸಿ, ಅದೇ ಜಾಬ್ ಇನ್ನೊಮ್ಮೆ ಓಡಿಸಿ. ಸಮಯ ಅಷ್ಟೇನೂ ಜಾಸ್ತಿಯಾಗಲಿಲ್ಲವೇ? ಹಾಗಾದರೆ ಕಾಯುತ್ತಿರುವುದು ಮೆಮೊರಿಗೆ. ಜೊತೆಗೆ ಕರೆಂಟೂ ಉಳಿಯಿತು. ಫ್ರೀಕ್ವೆನ್ಸಿ ಇಳಿದರೆ ವೋಲ್ಟೇಜ್ ಕೂಡ ಇಳಿಸಬಹುದು, ಚಿಪ್ ಎಳೆಯುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ.

ಇನ್ನು ಅಳತೆ. ವ್ಯಾಟ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 200 ವ್ಯಾಟಿನ ಚಿಪ್ ಒಂದು ಕೆಲಸಕ್ಕೆ 100 ಸೆಕೆಂಡ್ ತೆಗೆದುಕೊಂಡರೆ 20,000 ಜೂಲ್. 300 ವ್ಯಾಟಿನದ್ದು 50 ಸೆಕೆಂಡಿನಲ್ಲಿ ಮುಗಿಸಿದರೆ 15,000 ಜೂಲ್ ಅಷ್ಟೇ. ಇಂಟೆಲ್ ಚಿಪ್‌ನಲ್ಲಿ ರ‍್ಯಾಪಲ್ ಎಂಬ, ಬಳಸಿದ ಶಕ್ತಿಯನ್ನು ಎಣಿಸುವ ಕೌಂಟರ್ ಇದೆ. ಲಿನಕ್ಸ್‌ನಲ್ಲಿ ಅದನ್ನು ಮೈಕ್ರೋಜೂಲ್‌ಗಳಲ್ಲಿ ಓದಬಹುದು. ಜಾಬ್‌ಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ ಕಳೆಯಿರಿ. ಮೊದಲ ಸಲ ಹೀಗೆ ಮಾಡಿದಾಗ ನನಗೆ ಮೈನಸ್ ಉತ್ತರ ಬಂತು! ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಕೌಂಟರ್ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ದೊಡ್ಡ ಜಾಬ್ ಆದರೆ ನಡುನಡುವೆ ಓದುತ್ತಾ ಕೂಡಿಸಿ.

ಜಿಪಿಯು ಅಳೆಯುವಾಗ ಅದರ ಪಕ್ಕದ ಸಿಪಿಯುವನ್ನೂ ಸೇರಿಸಿ. ಅದು ಸುಮ್ನೆ ಕೂತಿದ್ದರೂ ಕರೆಂಟ್ ತಿನ್ನುತ್ತದೆ. ಫ್ಯಾನ್, ನೆಟ್‌ವರ್ಕ್, ಪವರ್ ಸಪ್ಲೈನ ನಷ್ಟ ರ‍್ಯಾಪಲ್‌ಗೆ ಕಾಣುವುದಿಲ್ಲ. ಇಡೀ ನೋಡ್‌ನ (ಸೂಪರ್‌ಕಂಪ್ಯೂಟರ್‌ನೊಳಗಿನ ಒಂದು ಕಂಪ್ಯೂಟರ್‌ನ) ಒಟ್ಟು ಪವರ್ ತೋರಿಸುವ ಮೀಟರ್ ಇದ್ದರೆ ಅದನ್ನೇ ನಂಬಿ.

ಕಡಿಮೆ ಕರೆಂಟಿನಲ್ಲಿ ಹೆಚ್ಚು ಲೆಕ್ಕ ಮಾಡುವ ಸೂಪರ್‌ಕಂಪ್ಯೂಟರ್‌ಗಳ ಗ್ರೀನ್500 ಪಟ್ಟಿ ಓದುವಾಗಲೂ ಇದೇ ಎಚ್ಚರ ಬೇಕು. 2022ರ ಜೂನ್‌ನಲ್ಲಿ ಜಿಪಿಯು ತುಂಬಿದ ಅಮೆರಿಕದ ಸೂಪರ್‌ಕಂಪ್ಯೂಟರ್ ಫ್ರಂಟಿಯರ್ ಒಂದು ವ್ಯಾಟಿಗೆ ಸುಮಾರು 52 ಗಿಗಾಫ್ಲಾಪ್ಸ್ (ಒಂದು ಗಿಗಾಫ್ಲಾಪ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ) ತೋರಿಸಿತು. ಆರ್ಮ್ ಆಧಾರಿತ ಜಪಾನಿನ ಫುಗಾಕು ತೋರಿಸಿದ್ದು ಸುಮಾರು 15. ಆದರೆ ಇವು ಲಿನ್‌ಪ್ಯಾಕ್ ಎಂಬ ವೇಗಪರೀಕ್ಷೆಯ ಅಂಕಿಗಳು, ಅದರಲ್ಲಿ ಲೆಕ್ಕವೇ ಮುಖ್ಯ. ಮೆಮೊರಿಯನ್ನು ಗೋಳುಹೊಯ್ದುಕೊಳ್ಳುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಫುಗಾಕು 16 ಪೆಟಾಫ್ಲಾಪ್ಸ್ (ಒಂದು ಪೆಟಾ ಅಂದರೆ ಹತ್ತು ಲಕ್ಷ ಗಿಗಾ) ಮುಟ್ಟಿದೆ, ಫ್ರಂಟಿಯರ್ ಸುಮಾರು 14. ಇದು ವ್ಯಾಟಿನ ಲೆಕ್ಕವಲ್ಲ, ಇಡೀ ಯಂತ್ರದ ವೇಗ. ಇದರ ಶ್ರೇಯ ಆರ್ಮ್ ಎಂಬ ಹೆಸರಿಗಿಂತ ಜಾಸ್ತಿ ಚಿಪ್‌ನ ಮಗ್ಗುಲಲ್ಲೇ ಕೂರಿಸಿದ ಎಚ್‌ಬಿಎಂ2 ಎಂಬ ಅತಿವೇಗದ ಮೆಮೊರಿಗೆ ಸಲ್ಲಬೇಕು ಅನ್ನುತ್ತೇನೆ. ಫುಗಾಕುವಿನ ಎ64ಎಫ್‌ಎಕ್ಸ್ ಚಿಪ್ ಸೆಕೆಂಡಿಗೆ ಸುಮಾರು 1 ಟೆರಾಬೈಟ್ ಡೇಟಾ ಎಳೆದುಕೊಳ್ಳಬಲ್ಲದು.

ಹೋಲಿಸುವಾಗ ಎರಡೂ ಕಡೆ ಉತ್ತರ ಒಂದೇ ನಿಖರತೆಯಲ್ಲಿ ಬಂದಿದೆಯಾ ನೋಡಿ. ಸಿಪಿಯುನಲ್ಲಿ 64 ಬಿಟ್, ಜಿಪಿಯುನಲ್ಲಿ 32 ಬಿಟ್ ಓಡಿಸಿ ಜೂಲ್ ಹೋಲಿಸಿದರೆ ಅದು ಒಂದೇ ಕೆಲಸ ಅಲ್ಲ, ಅಲ್ವಾ? ಪ್ರತಿ ಜಾಬನ್ನೂ ಕನಿಷ್ಠ ಮೂರು ಸಲ ಓಡಿಸಿ. ಚಿಪ್ ತಣ್ಣಗಿರುವಾಗ ಬಂದ ಮೊದಲ ಅಳತೆಯನ್ನು ನಾನಂತೂ ಬಿಟ್ಟುಬಿಡುತ್ತೇನೆ.