ದ ಬೇರೆ, ಧ ಬೇರೆ ಎಂದು ಕಾಣುವ ತನಕ

ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ ನನ್ನದು. ಪುಸ್ತಕ, ಸ್ಮರಣ ಸಂಚಿಕೆ, ಲಗ್ನಪತ್ರಿಕೆ ಯಾವುದು ಬಂದರೂ ಸರಿ. ಮೊದಲೆಲ್ಲ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ, ಈಗ ಪರದೆಯ ಮೇಲೇ ತಿದ್ದುವುದು. ಎರಡು ವರ್ಷದ ಹಿಂದೆ ಒಂದು ಆಹ್ವಾನ ಪತ್ರಿಕೆಯಲ್ಲಿ ‘ಪ್ರಶಸ್ತಿ ಪ್ರದಾನ’ ಎಂದಿರಬೇಕಾದ ಕಡೆ ‘ಪ್ರಶಸ್ತಿ ಪ್ರಧಾನ’ ಎಂದು ಅಚ್ಚಾಯಿತು. ನಾನೇ ನೋಡಿ ಕಳಿಸಿದ ಪುಟ ಅದು. ಫೈಲನ್ನು ಮತ್ತೆ ತೆರೆದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಧಕಾರದ ಕೆಳಗಿನ ಆ ಪುಟ್ಟ ಸೀಳು ಗೆರೆಯಾಗಿ ಕಾಣುತ್ತಲೇ ಇರಲಿಲ್ಲ, ಬೂದು ಮಸಿಯ ಹಾಗೆ ಕಲಸಿಹೋಗಿತ್ತು.

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚಾಳೀಸಿನ ನಂಬರು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಮಾನಿಟರಿನಲ್ಲಿ.

ಅದನ್ನು ಜೋಡಿಸಿದ ಹುಡುಗ ಅಕ್ಷರ ದೊಡ್ಡದಾಗಿ ಕಾಣಲೆಂದು ರೆಸಲ್ಯೂಷನ್ನನ್ನು, ಅಂದರೆ ಕಂಪ್ಯೂಟರ್ ಪರದೆಗೆ ಕಳಿಸುವ ಚುಕ್ಕಿಗಳ ಸಂಖ್ಯೆಯನ್ನು, 1280×720ಕ್ಕೆ ಇಳಿಸಿಟ್ಟಿದ್ದ. ನನ್ನ 24 ಇಂಚಿನ ಪರದೆಯಲ್ಲಿ ಇರುವುದು 1920×1080 ಚುಕ್ಕಿ. ಎಲ್‌ಸಿಡಿ ಪರದೆಯಲ್ಲಿ ಈ ಚುಕ್ಕಿಗಳ ಸಂಖ್ಯೆ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಕಂಪ್ಯೂಟರ್ ಕಳಿಸುವ ಒಂದು ಚುಕ್ಕಿಯನ್ನು ಪರದೆ ಅಡ್ಡಕ್ಕೂ ಉದ್ದಕ್ಕೂ ಒಂದೂವರೆ ಚುಕ್ಕಿಯ ಮೇಲೆ ಹರಡಬೇಕು. ಆ ಅರ್ಧ ಚುಕ್ಕಿ ಎಲ್ಲಿಂದ ಬರಬೇಕು? ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬುತ್ತದೆ, ಅಂಚು ಮಸುಕಾಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಇದು ಹೇಗೋ ನಡೆದೀತು. ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಎಲ್ಲ ಒಂದೇ ಸಾಲಿಗೆ ಸೇರಿಕೊಳ್ಳುವ ನಮ್ಮ ಲಿಪಿಗೆ ನಡೆಯುವುದಿಲ್ಲ.

ಅಣ್ಣನ ಮಗನಿಗೆ ಫೋನ್ ಮಾಡಿದೆ. “ಅತ್ತೆ, ರೆಸಲ್ಯೂಷನ್ ಇಳಿಸಬೇಡಿ, ಸ್ಕೇಲ್ ಜಾಸ್ತಿ ಮಾಡಿ” ಅಂದ. ಸ್ಕೇಲ್ ಎಂದರೆ ಅಕ್ಷರ, ಐಕಾನ್‌ಗಳನ್ನು ಎಷ್ಟು ದೊಡ್ಡದಾಗಿ ಬಿಡಿಸಬೇಕೆಂಬ ಲೆಕ್ಕ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋದೆ. ಪಕ್ಕದಲ್ಲಿ ‘ರೆಕಮೆಂಡೆಡ್’ ಎಂದಿದ್ದ 1920×1080 ಆರಿಸಿದೆ, ಸ್ಕೇಲನ್ನು ಶೇಕಡಾ 125ಕ್ಕೆ ಏರಿಸಿದೆ. ಅಕ್ಷರ ದೊಡ್ಡದಾಗಿಯೇ ಉಳಿಯಿತು, ಆದರೆ ಈಗ ಪ್ರತಿ ಗೆರೆಯನ್ನೂ ಕಂಪ್ಯೂಟರ್ ಹೊಸದಾಗಿ ಬಿಡಿಸುತ್ತಿತ್ತು. ಧಕಾರದ ಸೀಳು ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ.

ಇದಾದ ಮೇಲೆ ಅಕ್ಷರದ ಅಂಚನ್ನು ನಯಗೊಳಿಸುವ ವಿಂಡೋಸ್‌ನ ಕ್ಲಿಯರ್‌ಟೈಪ್ ಹೊಂದಿಸಿದೆ. ಸ್ಟಾರ್ಟ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ನಾಲ್ಕಾರು ಮಾದರಿ ತೋರಿಸಿ ಯಾವುದು ಚೆನ್ನ ಎಂದು ಕೇಳುತ್ತದೆ. ಆ ಮಾದರಿಗಳೆಲ್ಲ ಇಂಗ್ಲಿಷ್. ಹಾಗಾಗಿ ಮುಗಿಸಿದ ಕೂಡಲೇ ಕನ್ನಡ ಫೈಲ್ ತೆರೆದು ನೋಡಿ, ಸಾಲದಿದ್ದರೆ ಮತ್ತೊಮ್ಮೆ ಮಾಡಿ. ನಾನು ಮೂರು ಸಲ ಮಾಡಿದೆ.

ಒಂದು ತೊಡಕು ಬಂತು. ನಾನು ಬಳಸುವ ಹಳೆಯ ಪುಟವಿನ್ಯಾಸದ ತಂತ್ರಾಂಶ ಮಾತ್ರ ಮಸುಕಾಗಿಯೇ ಉಳಿಯಿತು. ಸ್ಕೇಲಿಂಗ್ ಬಳಕೆಗೆ ಬರುವ ಮೊದಲು ಬರೆದ ತಂತ್ರಾಂಶಗಳ ಚಿತ್ರವನ್ನು ವಿಂಡೋಸ್ ಹಾಗೇ ಹಿಗ್ಗಿಸಿಬಿಡುತ್ತದೆ. ಅದರ ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ, ಹೈ ಡಿಪಿಐ ಸೆಟ್ಟಿಂಗ್ಸ್‌ನಲ್ಲಿ ‘ಅಪ್ಲಿಕೇಷನ್’ ಆರಿಸಿದ ಮೇಲೆ ಸರಿಯಾಯಿತು. ಮೆನು ಚಿಕ್ಕದಾಯಿತು, ಆದರೆ ನನಗೆ ಪುಟ ಮುಖ್ಯ. ಅದನ್ನು ಒಳಗೇ ಜೂಮ್ ಮಾಡಿಕೊಳ್ಳುತ್ತೇನೆ.

ಬೆಳಕಿನ ವಿಷಯ ಸುಲಭ. ಬಿಳಿ ಹಾಳೆಯೊಂದನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ, ಮಂಕಾಗಿದ್ದರೆ ಏರಿಸಿ. ನನ್ನ ಕೋಣೆಯಲ್ಲಿ ಹಗಲು 45, ರಾತ್ರಿ 25. ಬೆನ್ನ ಹಿಂದಿದ್ದ ಕಿಟಕಿ ಎಡಕ್ಕೆ ಬರುವಂತೆ ಮೇಜು ತಿರುಗಿಸಿದೆ. ಸಂಜೆಯ ಮೇಲೆ ಪರದೆಯ ನೀಲಿ ಬೆಳಕು ತಗ್ಗಿಸುವ ನೈಟ್ ಲೈಟ್ ಹಾಕುತ್ತೇನೆ, ಆದರೆ ಲಗ್ನಪತ್ರಿಕೆಯ ಬಣ್ಣ ನೋಡುವಾಗ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಬಿಳಿಯೆಲ್ಲ ಅರಿಶಿನವಾಗಿ ಕಾಣುತ್ತದೆ.

ಕತ್ತುನೋವಿಗೂ ಕಾರಣ ಸಿಕ್ಕಿತು. ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ್ದನ್ನು ಓದುವ ಭಾಗ ಕೆಳಗಿರುತ್ತದೆ, ಅದಕ್ಕೆ ನಾನು ದಿನವಿಡೀ ಗದ್ದ ಎತ್ತಿಕೊಂಡು ಕೂರುತ್ತಿದ್ದೆ. ಮಾನಿಟರಿನ ಕೆಳಗಿದ್ದ ಎರಡು ದಪ್ಪ ನಿಘಂಟುಗಳನ್ನು ತೆಗೆದು ಕಪಾಟಿಗೆ ಸೇರಿಸಿದೆ.

ಈಗ ಡೆಸ್ಕ್‌ಟಾಪ್‌ನಲ್ಲಿ ಒಂದು ಸಾಲಿನ ಫೈಲ್ ಇಟ್ಟಿದ್ದೇನೆ: ‘ಅರ್ಥ ಅರ್ಧ, ಪ್ರದಾನ ಪ್ರಧಾನ, ಕ್ರಮ ಕೃಪೆ’. 12 ಪಾಯಿಂಟಿನಲ್ಲಿ, ಒಂದು ಕೈಯಳತೆ ದೂರದಿಂದ ಓದುತ್ತೇನೆ. ಕಳೆದ ತಿಂಗಳು ಹೊಸ ಮಾನಿಟರ್ ಕೊಳ್ಳಲು ಹೋದಾಗ ಅದನ್ನೇ ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲಿ ತೆರೆಸಿದೆ. ಮೂರನೆಯದರಲ್ಲಿ ‘ಅರ್ಥ’ದ ನಡುವಿನ ಚುಕ್ಕಿ ಎಳ್ಳುಕಾಳಿನ ಹಾಗೆ ಬಿಡಿಯಾಗಿ ಕಂಡಿತು. ಅದನ್ನೇ ತಂದೆ.