ಆರು ಮೀಟರ್ ವೃತ್ತ, ಒಂದೂವರೆ ಸುತ್ತು

ಕಲಬುರಗಿಯಾಗ ಸ್ಕೇಟಿಂಗ್ ಅಂದ್ರ ಎಲ್ಲಾರೂ ರೇಸ್ ಅಂತನ ತಿಳ್ಕೋತಾರ. ನಂದು ಫಿಗರ್ ಸ್ಕೇಟಿಂಗ್ ಇತ್ರಿ, ಐಸ್ ಮ್ಯಾಲ ಜಿಗದು ಗಿರಗಿರ ತಿರಗತಾರಲ್ಲ ಅದು, ನಾ ನಾಕು ಗಾಲಿ ರೋಲರ್ ಮ್ಯಾಲ ಮಾಡೋದು. ಬ್ಯಾಸಗ್ಯಾಗ 43-44 ಡಿಗ್ರಿ ಆಗೋ ಊರಾಗ ಐಸ್ ಎಲ್ಲಿಂದ ತರಬೇಕು, ಆದ್ರ ಜಂಪ್ ಅವೇ ಅದಾವ, ಸಾಲ್ಕೋ, ಫ್ಲಿಪ್, ಲಟ್ಜ್, ಆಕ್ಸೆಲ್ ಎಲ್ಲಾ.

2010ರಾಗ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ದಾಗ ಹೈದರಾಬಾದಿನ ಅನೂಪ್ ಕುಮಾರ ಯಾಮ ಅವ್ರು ಎರಡು ಕಂಚು ಗೆದ್ರು, ಒಂದು ಸಿಂಗಲ್ಸ್, ಇನ್ನೊಂದು ಅವನಿ ಪಾಂಚಾಲ್ ಅವ್ರ ಜೋಡಿ ಪೇರ್ಸ್‌ದಾಗ. ಆ ಸುದ್ದಿ ನೋಡಿ ನಾ ಅಪ್ಪಾಗ ಗಂಟುಬಿದ್ದೆ. ಆಮ್ಯಾಲ ಶನಿವಾರ ಬಂತಂದ್ರ ಹೈದರಾಬಾದ್ ರೈಲು, ಐತವಾರ ಪೂರಾ ಪ್ರಾಕ್ಟೀಸ್, ಸೋಮವಾರ ಮುಂಜಾನಿ ಸ್ಟೇಷನ್‌ದಿಂದ ಸೀದಾ ಸಾಲಿಗೆ, ಹಿಂಗ ವರ್ಷಗಟ್ಟಲೆ ನಡೀತು.

ಕೋಚ್ ಸರ್ ಮೊದಲ ಮೂರು ತಿಂಗಳು ಒಂದು ಜಂಪೂ ಹೇಳಿಕೊಡಲಿಲ್ಲ. ನೆಲದ ಮ್ಯಾಲ ಆರು ಮೀಟರ್ ಅಗಲದ ವೃತ್ತ, ಒಂದೇ ಕಾಲಿನ ಮ್ಯಾಲ ಆ ಗೆರಿ ಬಿಡದಂಗ ಸುತ್ತಬೇಕು, ಹೊರಗಿನ ಎಡ್ಜ್, ಅಂದ್ರ ಪಾದದ ಹೊರಮಗ್ಗಲಕ್ಕ ವಾಲಿ ಹೋಗೋದು, ಒಳಗಿನ ಎಡ್ಜ್, ಅಂದ್ರ ಒಳಮಗ್ಗಲಕ್ಕ, ಮುಂದ, ಹಿಂದ. ಐಸ್‌ದಾಗ ಈ ಫಿಗರ್ಸ್ 1990ರಾಗ ದೊಡ್ಡ ಕಾಂಪಿಟಿಷನ್‌ದಿಂದ ತೆಗೆದುಹಾಕ್ಯಾರ, ರೋಲರ್‌ದಾಗ ಉಳಿಸ್ಕೊಂಡಾರ, ಅದು ಭಾಳ ಚಲೋ ಆಗ್ಯಾದ ಅಂತೀನಿ ನಾ. ಮನಿ ಅಂಗಳದ ಶಹಾಬಾದ್ ಪರಸಿ ಮ್ಯಾಲ ಮಾಡಾಕ ಹೋದ್ರ ಕಲ್ಲಿನ ಸಂದಿಗೆ ಗಾಲಿ ಸಿಕ್ಕು ಮುಗ್ಗರಿಸ್ತಿದ್ದೆ, ಅದಕ್ಕ ಒಬ್ಬರು ಪರಿಚಯದವ್ರ ಗೋದಾಮಿನ ಸಿಮೆಂಟ್ ನೆಲ ಸಿಕ್ತು, ದಿನಾ ಐದೂವರೆಗೆ ಹೋಗಿ ಮೊದ್ಲು ಧೂಳ ಬಳಿಯೋದು, ಒದ್ದಿ ಅರಬಿಲೆ ಒರಸೋದು, ಆಮ್ಯಾಲ ಸ್ಕೇಟ್ ಕಟ್ಟೋದು. ಧೂಳ ಉಳೀತಂದ್ರ ಸ್ಪಿನ್‌ದಾಗ ಗಾಲಿ ಜಾರೇ ಜಾರ್ತದ.

ಆಕ್ಸೆಲ್‌ಗೆ ನಂಗ ಎರಡು ವರ್ಷ ಹಿಡೀತು. ಉಳಿದ ಜಂಪ್ ಎಲ್ಲಾ ಹಿಂದಕ್ಕ ಹೋಗ್ತಾ ಏಳೋದು, ಇದೊಂದೇ ಮುಂದ ನೋಡ್ತಾ ಏಳಬೇಕು, ಇಳಿಯೋದು ಮಾತ್ರ ಹಿಮ್ಮುಖವಾಗೇ, ಅದಕ್ಕ ಸಿಂಗಲ್ ಅಂದ್ರೂ ಒಂದೂವರೆ ಸುತ್ತು. ನಾ ಎಡಗಾಲಿಲೆ ಏಳೋ ಹೊತ್ತಿಗೇ ಭುಜ ಮೊದ್ಲು ತಿರುಗಸ್ತಿದ್ದೆ, ಹಂಗಾಗಿ ಬಲಗಾಲು ಒಳಗಿನ ಎಡ್ಜ್ ಮ್ಯಾಲ ಬಂದು ಬೀಳ್ತಿದ್ದೆ, ಸೊಂಟದ ಎಡಗಡೆ ಹಸರಗಟ್ಟಿದ್ದು ಹೋಗ್ತಿರಲೇ ಇಲ್ಲ. ಸರ್ ಮತ್ತ ವೃತ್ತಕ್ಕ ಕಳಸಿದ್ರು. ಎಡಗಾಲಿನ ಹೊರಗಿನ ಎಡ್ಜ್ ಮ್ಯಾಲ ಅರ್ಧ ವೃತ್ತ ಹೋಗೋದು, ಭುಜ ಹಿಡಕೊಂಡು ಕಾಯೋದು, ಆಮ್ಯಾಲ ಬಲಮೊಣಕಾಲು ಮ್ಯಾಲ ಎತ್ತೋದು. ಆ ಕಾಯೋದು ಕಲ್ತ ಮ್ಯಾಲ ಜಂಪ್ ತಾನಾಗೇ ಬಂತು.

ಡ್ರೆಸ್ ಅವ್ವ ಹೊಲೀತಿದ್ಲು. ಚಮಕಿ ರಿಂಕ್ ಮ್ಯಾಲ ಉದುರಿದ್ರ ಮಾರ್ಕ್ ಕಟ್ ಮಾಡ್ತಾರ ಅಂತ ಹೇಳಿದ್ದೆ, ಅಕಿ ಒಂದೊಂದು ಚಮಕಿಗೂ ಎರಡು ಗಂಟು ಹಾಕ್ತಿದ್ಲು, ಕಾಂಪಿಟಿಷನ್ ಹಿಂದಿನ ರಾತ್ರಿ ಮತ್ತೊಮ್ಮೆ ಎಲ್ಲಾ ಎಳದು ನೋಡ್ತಿದ್ಲು. ನನ್ನ ಡ್ರೆಸ್‌ನಿಂದ ಒಂದೂ ಉದುರಿಲ್ಲ.

ಇಪ್ಪತ್ತೆರಡಕ್ಕ ಮೊಣಕಾಲು ಬ್ಯಾಡ ಅಂತು, ಬಿಟ್ಟೆ. ಈಗ ಅದೇ ಗೋದಾಮಿನ್ಯಾಗ ಐದು ಹುಡುಗ್ರು ಬರ್ತಾರ. ಮೂರು ಮೀಟರ್ ಹಗ್ಗದ ತುದಿಗೆ ಚಾಕ್‌ಪೀಸ್ ಕಟ್ಟಿ ಗೆರಿ ನಾನೇ ಎಳೀತೀನಿ, ಜಂಪ್ ಯಾವಾಗ ಅಕ್ಕಾ ಅಂತ ಅವ್ರು ದಿನಾ ಕೇಳ್ತಾರ.